ಮೊದಲು ಗುಂಡಿ ಮುಚ್ಚಲಿ
ಜೀವಂತ ಹೂತುಹೋಗುವ ಭಯವು ಮನೋದೌರ್ಬಲ್ಯವೆಂದೂ, ವೇದಾಂತದಿಂದ ಅದನ್ನು ಗೆಲ್ಲಬೇಕೆಂದೂ ಕೆಲವರು ಉಪದೇಶಿಸುತ್ತಾರೆ. ನಾನು ಒಪ್ಪೆನು. ರಾಯಲ್ಪಾಡಿನ ಸುತ್ತ ಆ ಭಯ ವಿವೇಕವೇ ಸರಿ. ಬತ್ತದ ಹೊಳೆಯೊಂದೂ ಇಲ್ಲದ ಕೋಲಾರ ಸೀಮೆಯಲ್ಲಿ ಸಾವಿರ ಅಡಿ ಮೀರಿ ಕೊಳವೆಬಾವಿ ಕೊರೆಸುತ್ತೇವೆ. ನೀರು ಬಾರದಿದ್ದರೆ ಪೈಪು ಕಿತ್ತು, ಬಾಯಿ ತೆರೆದೇ ಬಿಡುವವರುಂಟು.

2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಕೊಳವೆಬಾವಿಗೆ ಬಿದ್ದ ಆರು ವರ್ಷದ ಹುಡುಗಿ ಬದುಕಲಿಲ್ಲ. 2024ರಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದ ಪುಟ್ಟ ಮಗು ಬದುಕಿ ಬಂದಿತು, ಪವಾಡವೆಂದು ಕೈಮುಗಿದೆವು. ಪಾಳುಬಿದ್ದ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ವಿಧಿಸಿದೆ. ಅದಕ್ಕೆ ಬೇಕಾದುದು ಪವಾಡವಲ್ಲ. ಮಣ್ಣು, ಮರಳು, ಕಲ್ಲು.

ಸಾವಿಗೆ ಅಂಜಬೇಡಿರೆನ್ನುವ ಮಹನೀಯರು ಮೊದಲು ಗುಂಡಿ ಮುಚ್ಚಿಸಲಿ, ವೇದಾಂತ ಆಮೇಲಾಗಲಿ.