ಮುನ್ನಾದಿನ ಪರಿಚಯವಾಗುವ ಹಿರಿಯರು

ರಿಸಾರ್ಟಿನ ಹುಲ್ಲುಹಾಸಿನ ಮೇಲೆ, ಮದುವೆಯ ಮುನ್ನಾದಿನ ಸಂಜೆ, ಎರಡೂ ಕಡೆಯ ಅಜ್ಜ-ಅಜ್ಜಿಯರನ್ನು ಸಾಲಾಗಿ ನಿಲ್ಲಿಸಿ ಕೈಗೆ ಮೈಕ್ ಕೊಡಲಾಗುತ್ತದೆ. 'ನಾನು ಮದುಮಗನ ದಾದಾ', 'ನಾನು ಮದುಮಗಳ ನಾನಿ' ಎಂದು ಅವರು ತಮ್ಮನ್ನು ತಾವೇ ಪರಿಚಯಿಸಿಕೊಳ್ಳಬೇಕು. ನಮ್ಮ ಸಮುದಾಯದ ಉಳ್ಳವರ ಕೆಲವು ಮದುವೆಗಳಲ್ಲಿ ಇದೂ ಒಂದು ಕಾರ್ಯಕ್ರಮ. ನೆರೆದವರು ಚಪ್ಪಾಳೆ ತಟ್ಟುತ್ತಾರೆ. ನಾಳೆ ಬೀಗರಾಗಲಿರುವ ಎರಡು ಮನೆಗಳ ಹಿರಿಯರು ಈ ಸಂಜೆಯ ತನಕ ಪರಸ್ಪರರ ಮುಖವನ್ನೇ ಕಂಡಿರಲಿಲ್ಲ ಎಂಬ ಸತ್ಯ ಆ ಚಪ್ಪಾಳೆಯಲ್ಲಿ ಮುಳುಗಿಹೋಗುತ್ತದೆ.

ಹಿಂದೆ ಈ ಪರಿಚಯಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಹುಡುಗನ ಅಜ್ಜ ಹುಡುಗಿಯ ಮನೆಯ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಾ ಯಾವ ಜಮಾಅತ್, ಏನು ವ್ಯಾಪಾರ, ಯಾರ ಸಂಬಂಧಿಕರು ಎಂದೆಲ್ಲ ವಿಚಾರಿಸುತ್ತಿದ್ದರು. ಅಜ್ಜಿಯರು ಅಡುಗೆಮನೆಯಲ್ಲಿ ಇನ್ನೂ ಆಳಕ್ಕೆ ಇಳಿಯುತ್ತಿದ್ದರು: ಹುಡುಗನಿಗೆ ಕೋಪ ಹೆಚ್ಚೇ, ಮನೆಯಲ್ಲಿ ಸಾಲವಿದೆಯೇ, ಅತ್ತೆಯಾಗುವವಳ ನಾಲಗೆ ಹೇಗೆ? ಆ ವ್ಯವಸ್ಥೆ ನಿರ್ದೋಷಿಯೆಂದು ನಾವು ಹೇಳುತ್ತಿಲ್ಲ. ವರದಕ್ಷಿಣೆಯ ಚೌಕಾಸಿಯೂ ಅದೇ ಜಗಲಿಯಲ್ಲಿ ನಡೆದಿದೆ. ಅದರ ವಿರುದ್ಧ ಬರೆದಷ್ಟೂ ಕಡಿಮೆಯೇ. ಆದರೆ ಜಗಲಿಯನ್ನೇ ಕಿತ್ತೆಸೆದ ಮೇಲೂ ಚೌಕಾಸಿ ಉಳಿದಿದೆ, ಹೋದದ್ದು ಪರಿಚಯ ಮಾತ್ರ.

ಈ ಪರಿಚಯ ಬರಿಯ ಶಿಷ್ಟಾಚಾರವಾಗಿದ್ದರೆ ನಾವು ಇಷ್ಟು ಬರೆಯಬೇಕಾಗಿರಲಿಲ್ಲ. ದಂಪತಿಗಳ ನಡುವೆ ಬಿರುಕಿನ ಭಯ ಉಂಟಾದರೆ ಗಂಡನ ಕಡೆಯಿಂದ ಒಬ್ಬರನ್ನು, ಹೆಂಡತಿಯ ಕಡೆಯಿಂದ ಒಬ್ಬರನ್ನು ಮಧ್ಯಸ್ಥರನ್ನಾಗಿ ನೇಮಿಸಬೇಕೆಂದು ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 35ನೇ ಸೂಕ್ತ ಆದೇಶಿಸುತ್ತದೆ. ತಲಾಕ್‌ಗೆ ಮುನ್ನ ಇಂತಹ ಇಬ್ಬರು ಮಧ್ಯಸ್ಥರಿಂದ ಸಂಧಾನದ ಯತ್ನ ನಡೆದಿರಬೇಕೆಂದು ಸುಪ್ರೀಂ ಕೋರ್ಟ್ ಕೂಡ 2002ರ ಶಮೀಮ್ ಆರಾ ಪ್ರಕರಣದಲ್ಲಿ ಹೇಳಿತು. ನಾವು ಈ ಸೂಕ್ತವನ್ನು ಮನೆಗಳಲ್ಲಿ ಜೀವಂತವಾಗಿಟ್ಟಿದ್ದರೆ ಒಂದೇ ಉಸಿರಿನ ತಲಾಕ್ ನಮ್ಮ ಹೆಣ್ಣುಮಕ್ಕಳನ್ನು ನ್ಯಾಯಾಲಯಕ್ಕೆ ಅಲೆಸುತ್ತಿರಲಿಲ್ಲ, ಗಂಡನನ್ನು 3 ವರ್ಷಗಳ ವರೆಗೆ ಜೈಲಿಗೆ ಕಳುಹಿಸಬಲ್ಲ 2019ರ ಕಾನೂನನ್ನು ತರಲು ಸರಕಾರಕ್ಕೆ ಅಷ್ಟು ಸುಲಭದ ನೆಪವೂ ಸಿಗುತ್ತಿರಲಿಲ್ಲ. ಇನ್ನು ಈ ಹೊಸ ಮದುವೆಗಳ ಗತಿಯೇನು? ಎರಡು ವರ್ಷಗಳ ನಂತರ ಮಗಳು ಕಣ್ಣೀರಿಟ್ಟು ತವರಿಗೆ ಬಂದಾಗ ಯಾವ ಅಜ್ಜ ಯಾವ ಅಜ್ಜನಿಗೆ ಫೋನ್ ಮಾಡಬೇಕು? ಮೈಕ್ ಹಿಡಿದು ಹೆಸರು ಹೇಳಿದ ಅರ್ಧ ನಿಮಿಷದ ನೆನಪಿನ ಬಲದಿಂದ ಸಂಧಾನಕ್ಕೆ ಕೂರಲು ಸಾಧ್ಯವೇ?

ಕುಟುಂಬಗಳು ಬೆಂಗಳೂರು, ದುಬೈ, ದಮ್ಮಾಮ್ ಎಂದು ಚದುರಿಹೋಗಿವೆ, ಎಲ್ಲರೂ ಒಂದೆಡೆ ಸೇರಲು ಇದೇ ಅನುಕೂಲ ಎಂಬ ಸಮರ್ಥನೆಯಿದೆ. ಚದುರಿರುವುದು ನಿಜ. ಆದರೆ ಗೋವಾಕ್ಕೋ ಉದಯಪುರಕ್ಕೋ ಮೂರು ದಿನಗಳಿಗೆ ವಿಮಾನ ಹತ್ತಬಲ್ಲವರಿಗೆ ನಿಶ್ಚಯಕ್ಕೆ ಮೊದಲು ಒಂದು ಮಧ್ಯಾಹ್ನ ಹುಡುಗಿಯ ಮನೆಯಲ್ಲಿ ಊಟಕ್ಕೆ ಕೂರಲು ಸಮಯವಿಲ್ಲವೆಂದರೆ ನಂಬುವುದು ಹೇಗೆ? ಎಲ್ಲರೂ ಸೇರುತ್ತಾರೆ ಎಂಬ ಮಾತೂ ಪೂರ್ತಿ ನಿಜವಲ್ಲ. ಮಂಡಿನೋವಿನ ಅಜ್ಜಿ ಸೇರುವುದಿಲ್ಲ. ಬೀಡಿ ಕಟ್ಟಿ ಬದುಕುವ ದೂರದ ಚಿಕ್ಕಮ್ಮ ಸೇರುವುದಿಲ್ಲ. ಮದುಮಗಳನ್ನು ಎತ್ತಿ ಆಡಿಸಿದ ನೆರೆಮನೆಯವರು ಫೋನಿನಲ್ಲಿ ಫೋಟೋ ನೋಡುತ್ತಾರೆ. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟವನ್ನು ಅತ್ಯಂತ ಕೆಟ್ಟ ಊಟವೆಂದು ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿರುವ ಹದೀಸ್ ಬಣ್ಣಿಸುತ್ತದೆ. ಬಡವರನ್ನು ಬಾಗಿಲಲ್ಲಿ ತಡೆಯುವುದು ಅಸಹ್ಯವಾಗಿ ಕಾಣುತ್ತದೆ, ಬಾಗಿಲನ್ನೇ ಐನೂರು ಕಿಲೋಮೀಟರ್ ದೂರ ಒಯ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ!

ಹೋಗಬಲ್ಲ ಹಿರಿಯರ ಸ್ಥಿತಿಯಾದರೂ ಏನು? ಸ್ವಂತ ಮನೆಯ ಮದುವೆಯಲ್ಲಿ ಅತಿಥಿಗಳನ್ನು ಎದುರುಗೊಳ್ಳುತ್ತಿದ್ದ ಅಜ್ಜ ಇಲ್ಲಿ ಕೋಣೆಯ ಕೀಲಿ ಪಡೆದ ಮತ್ತೊಬ್ಬ ಅತಿಥಿ. ಯಾರನ್ನು ಕರೆಯಬೇಕು, ಯಾರ ಮುನಿಸನ್ನು ತಣಿಸಬೇಕು ಎಂದು ಯಾರೂ ಅವರನ್ನು ಕೇಳಿಲ್ಲ. ಕೇಳಿದ್ದು ಶೇರ್ವಾನಿಯ ಅಳತೆಯನ್ನು ಮಾತ್ರ.

ಸರಕಾರಕ್ಕೆ ಮದುವೆ ಎಂದರೆ ವ್ಯವಹಾರ. ಶ್ರೀಮಂತರು ವಿದೇಶಗಳಲ್ಲಿ ಮದುವೆಯಾಗುವ ಬದಲು ಭಾರತದಲ್ಲೇ ಆಗಲಿ ಎಂದು 2023ರ ನವೆಂಬರ್‌ನ 'ಮನ್ ಕೀ ಬಾತ್'ನಲ್ಲಿ ಪ್ರಧಾನಿಯವರು ಕರೆ ಕೊಟ್ಟದ್ದು ದೇಶದ ಹಣ ದೇಶದಲ್ಲೇ ಉಳಿಯಲೆಂದು. ಅದು ಅವರ ಲೆಕ್ಕ. ವಲಿ, ಇಬ್ಬರು ಸಾಕ್ಷಿಗಳು, ಮಹ್ರ್ ಮತ್ತು ಇಬ್ಬರ ಒಪ್ಪಿಗೆಯಿದ್ದರೆ ಮೊಹಲ್ಲಾದ ಮಸೀದಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ನಿಕಾಹ್ ಹೊಂದಿರುವ ನಾವು ಆ ಲೆಕ್ಕದ ಸಾಲಿನಲ್ಲಿ ಏಕೆ ನಿಂತಿದ್ದೇವೆ?

ಜಮಾಅತ್‌ಗಳಿಗೆ ನಮ್ಮದೊಂದು ಬೇಡಿಕೆಯಿದೆ. ಬೇರೆ ಊರಿನಲ್ಲಿ ನಿಕಾಹ್ ನಡೆಸಲು ಪತ್ರ ಕೇಳಿ ಬರುವ ತಂದೆಯೊಡನೆ ಒಂದೇ ಪ್ರಶ್ನೆ ಕೇಳಿ: ಎರಡೂ ಮನೆಗಳ ಹಿರಿಯರು ಒಮ್ಮೆಯಾದರೂ ಒಟ್ಟಿಗೆ ಕುಳಿತಿದ್ದಾರೆಯೇ? ಇಲ್ಲವೆಂದಾದರೆ ಮುಂದಿನ ಜುಮಾದ ನಂತರ ಮಸೀದಿಯ ಪಡಸಾಲೆಯಲ್ಲೇ ಅವರನ್ನು ಕೂರಿಸಿ. ಮಧ್ಯಸ್ಥರಾಗಬಲ್ಲ ಇಬ್ಬರ ಹೆಸರುಗಳನ್ನು ಅಂದೇ ಗುರುತು ಮಾಡಿಟ್ಟು ಪತ್ರಕ್ಕೆ ಸಹಿ ಹಾಕಿ.