ಬಲೂನ್ ಹಾಕಿದ ಗಾಡಿ ಎಳೆಯಲ್ಲ ಅನ್ನುವವರಿಗೆ

ಹಳೇ ಮಹೀಂದ್ರಾ ಪಿಕಪ್ಪಿಗೆ ಏರ್ ಸಸ್ಪೆನ್ಷನ್, ಅಂದರೆ ಗಾಳಿಯ ಬಲೂನ್ ಕೂರಿಸಿ, ದೊಡ್ಡ ಎಂಜಿನ್ ಇಳಿಸಿ, ಕಾಲು ಮೈಲಿಯ ಡ್ರ್ಯಾಗ್ ಓಟಕ್ಕೆ ತಯಾರು ಮಾಡಬಹುದು ಎಂದು ಹೇಳಿದ್ದಕ್ಕೆ ಬಣಕಲ್ಲಿನ ಗ್ಯಾರೇಜುಗಳಿಂದ ಹಿಡಿದು ಮೂಡಿಗೆರೆಯ ತೋಟಗಾರರವರೆಗೆ ಬಹಳ ಜನ ನನ್ನ ಮೇಲೆ ಮುಗಿಬಿದ್ದಿದ್ದಾರೆ. ಅವರ ಕೆಲವು ಆಕ್ಷೇಪಗಳಲ್ಲಿ ಹುರುಳಿದೆ. ಆದರೆ ಎಲ್ಲಕ್ಕಿಂತ ಜೋರಾಗಿ ಕೇಳಿಬಂದ ಆಕ್ಷೇಪದಲ್ಲಿ ಹುರುಳಿಲ್ಲ. ಅದರಿಂದಲೇ ಶುರು ಮಾಡುತ್ತೇನೆ.

"ಬಲೂನ್ ಮೆತ್ತಗಿರುತ್ತದೆ, ಕ್ಲಚ್ ಬಿಟ್ಟ ತಕ್ಷಣ ಗಾಡಿ ಹಿಂದಕ್ಕೆ ಕುಕ್ಕರಿಸಿ ಎಂಜಿನ್ ಶಕ್ತಿಯೆಲ್ಲ ವ್ಯರ್ಥ. ಪ್ಲೇಟು ಗಟ್ಟಿ, ಅದನ್ನೇ ಇಟ್ಟುಕೊಳ್ಳಿ" ಎನ್ನುತ್ತಾರೆ. ಪ್ಲೇಟಿನ, ಅಂದರೆ ಲೀಫ್ ಸ್ಪ್ರಿಂಗಿನ ಗಟ್ಟಿತನ ಎಷ್ಟೆಂದು ನೋಡಬೇಕಾದವರು ಜೂನ್ ತಿಂಗಳಲ್ಲಿ ಒಂದು ತೋಟಕ್ಕೆ ಹೋಗಲಿ. ಒದ್ದೆ ಮಣ್ಣಿನ ಏರಿನಲ್ಲಿ ಮೂಟೆ ಹೇರಿದ ಹಳೇ ಜೀಪು ಫಸ್ಟ್ ಗೇರಿನಲ್ಲಿ ಎಳೆಯುವಾಗ ಪಕ್ಕದಲ್ಲಿ ಬಗ್ಗಿ ಹಿಂದಿನ ಆಕ್ಸಲ್ಲನ್ನೇ ಗಮನಿಸಲಿ. ಚಕ್ರಕ್ಕೆ ಹಿಡಿತ ಸಿಕ್ಕ ಕ್ಷಣ ಆಕ್ಸಲ್ ತನ್ನ ಜಾಗದಲ್ಲೇ ತಿರುಚಿಕೊಳ್ಳುತ್ತದೆ, ಡಿಫರೆನ್ಷಿಯಲ್ಲಿನ ಮೂತಿ ಮೇಲೇಳುತ್ತದೆ, ಪ್ಲೇಟಿನ ಕಟ್ಟು ಹಾವಿನಂತೆ ಡೊಂಕಾಗುತ್ತದೆ. ಹಿಡಿತ ತಪ್ಪಿದಾಗ ಮತ್ತೆ ನೆಟ್ಟಗಾಗುತ್ತದೆ. ಮತ್ತೆ ಹಿಡಿತ, ಮತ್ತೆ ಡೊಂಕು. ಆ ಡಬ್ ಡಬ್ ಸದ್ದು, ಮುರಿದ ಯು-ಜಾಯಿಂಟು ನಮ್ಮ ಕಡೆಯ ಯಾವ ಮೆಕ್ಯಾನಿಕ್ಕಿಗೂ ಹೊಸದಲ್ಲ. ಸಿಜೆ-3ಬಿ ಜೀಪಿನ ಪೆಟ್ರೋಲ್ ಎಂಜಿನ್ ಕೊಡುತ್ತಿದ್ದದ್ದು 75 ಎಚ್‌ಪಿ ಆಸುಪಾಸು. ಅಷ್ಟಕ್ಕೇ ಹೀಗಾದರೆ 500 ಎಚ್‌ಪಿಗೆ ಏನಾದೀತು?

ಪ್ಲೇಟು ಎರಡು ಕೆಲಸ ಮಾಡುತ್ತದೆ: ತೂಕ ಹೊರುತ್ತದೆ, ಆಕ್ಸಲ್ಲನ್ನೂ ಹಿಡಿದಿಡುತ್ತದೆ. ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ, ಎರಡನೆಯದರಲ್ಲಿ ಸೋಲುತ್ತದೆ. ಬಲೂನಿಗೆ ತೂಕ ಹೊರುವುದಷ್ಟೇ ಗೊತ್ತು. ಹಿಂದೆ ಮುಂದೆ, ಅಕ್ಕಪಕ್ಕ ಯಾವುದನ್ನೂ ಅದು ಹಿಡಿಯಲಾರದು. ಹಾಗಾಗಿ ಬಲೂನ್ ಹಾಕುವವನು ಆಕ್ಸಲ್ಲನ್ನು ಹಿಡಿಯಲು ಲಿಂಕ್ ರಾಡುಗಳನ್ನು ಕೂರಿಸಲೇಬೇಕು, ಅವುಗಳ ಜೋಡಣೆ ಪಕ್ಕಕ್ಕೆ ಸರಿಯುವುದನ್ನು ತಡೆಯದಿದ್ದರೆ ಒಂದು ಅಡ್ಡ ರಾಡನ್ನೂ ಹಾಕಬೇಕು. ಡ್ರ್ಯಾಗ್ ಗಾಡಿಗೆ ಬೇಕಾದದ್ದೂ ಅದೇ. ಆ ರಾಡುಗಳ ಕೋನ ಸರಿಯಾಗಿದ್ದರೆ ಗಾಡಿ ಕುಕ್ಕರಿಸುವುದಿಲ್ಲ, ಎಂಜಿನ್ನಿನ ತಳ್ಳುವ ಬಲ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಕುಕ್ಕರಿಸುವುದು ಬಿಡುವುದು ಹೆಚ್ಚಾಗಿ ರಾಡು ಮತ್ತು ಡ್ಯಾಂಪರಿನ ಕೈಯಲ್ಲಿರುವ ವಿಷಯ. ಬಲೂನನ್ನು ದೂರುವವರು ಇದನ್ನೇ ಮರೆತಿದ್ದಾರೆ.

ಇದು ನನ್ನ ಕಲ್ಪನೆಯಲ್ಲ. 1960ರಲ್ಲಿ ಷೆವ್ರೊಲೆ ಕಂಪನಿ ತನ್ನ ಸಿ10 ಪಿಕಪ್ಪಿನ ಹಿಂಭಾಗದಲ್ಲಿ ಪ್ಲೇಟು ಬಿಟ್ಟು ಕಾಯಿಲ್ ಸ್ಪ್ರಿಂಗ್ ಹಾಕಿತು, ಆಕ್ಸಲ್ ಹಿಡಿಯಲು ಎರಡು ಉದ್ದನೆಯ ತೋಳುಗಳನ್ನು ಕೊಟ್ಟಿತು. ಆ ತೋಳುಗಳ ವಿನ್ಯಾಸವನ್ನು ಅಮೆರಿಕದ ನಾಸ್ಕಾರ್ ರೇಸ್ ಕಾರುಗಳು ದಶಕಗಳ ಕಾಲ ಬಳಸಿದವು. ಅಲ್ಲಿ ಹಳೇ ಸಿ10ಗೆ ಕಾಯಿಲ್ ತೆಗೆದು ಬಲೂನ್ ಹಾಕುವುದು ಇವತ್ತು ಮಾಮೂಲು ಕೆಲಸ.

ಇನ್ನೊಂದು ವಿಷಯ ಡ್ರ್ಯಾಗ್ ಓಟದವರಿಗೆ ಹಿಂದಿನಿಂದಲೂ ಗೊತ್ತು. ಪ್ರೊಪೆಲ್ಲರ್ ಶಾಫ್ಟಿನ ತಿರುಚುವ ಬಲಕ್ಕೆ ಹಿಂದಿನ ಎಡ ಚಕ್ರ ನೆಲಕ್ಕೆ ಒತ್ತಿಕೊಂಡು ಬಲ ಚಕ್ರ ಹಗುರವಾಗುತ್ತದೆ. ಅದಕ್ಕೆ ಅಮೆರಿಕದ ಓಟಗಾರರು ಹಿಂದಿನ ಕಾಯಿಲ್ ಒಳಗೇ ಸಣ್ಣ ಗಾಳಿಚೀಲ ತೂರಿಸಿ, ಬಲಗಡೆಗೆ ಹೆಚ್ಚು ಗಾಳಿ ತುಂಬಿ ಎರಡೂ ಚಕ್ರಗಳ ಒತ್ತಡ ಸರಿದೂಗಿಸುತ್ತಿದ್ದರು. ಏರ್ ಸಸ್ಪೆನ್ಷನ್ ಇದ್ದವನಿಗೆ ಇದು ವಾಲ್ವ್ ಒತ್ತಿದಷ್ಟೇ ಕೆಲಸ. ಎಡ ಬಲದ ಗಾಳಿ ಪೈಪುಗಳು ಮಾತ್ರ ಬೇರೆ ಬೇರೆಯಾಗಿರಬೇಕು. ಒಂದೇ ಪೈಪಿಗೆ ಎರಡನ್ನೂ ಜೋಡಿಸಿದರೆ ಗಾಡಿ ವಾಲಿದ ಕಡೆಯ ಗಾಳಿ ಎದುರಿನ ಬಲೂನಿಗೆ ಓಡಿ, ವಾಲುವುದು ಇನ್ನೂ ಹೆಚ್ಚುತ್ತದೆ.

"ಬಲೂನ್ ಒಡೆದರೆ?" ಈ ಭಯ ನ್ಯಾಯವಾದದ್ದು. ಆದರೆ 2001ರಿಂದ ಹೊಸಕೋಟೆಯಲ್ಲಿ ತಯಾರಾದ ವೋಲ್ವೋ ಬಸ್ಸುಗಳು ಇದೇ ಬಲೂನಿನ ಮೇಲೆ, ತುಂಬಿದ ಪ್ರಯಾಣಿಕರೊಂದಿಗೆ ಘಟ್ಟ ಹತ್ತಿ ಇಳಿದಿವೆ. ಐರಾವತದಲ್ಲಿ ಕೂತು ಮಂಗಳೂರಿಗೆ ಹೋದವರು ಗಾಳಿಯ ಮೇಲೇ ಹೋಗಿದ್ದಾರೆ. ಒಡೆದರೂ ಚಾಸಿಸ್ ರಬ್ಬರ್ ಬಂಪ್ ಸ್ಟಾಪಿನ ಮೇಲೆ ಕೂರುವಂತೆ, ಟಯರು ಬಾಡಿಗೆ ತಾಗದಂತೆ ಮೊದಲೇ ಅಳತೆ ಮಾಡಿಡಬೇಕು. ಪ್ರೊಪೆಲ್ಲರ್ ಶಾಫ್ಟ್ ಕಳಚಿದರೆ ನೆಲಕ್ಕೆ ಬೀಳದಂತೆ ಸುತ್ತ ಉಕ್ಕಿನ ಬಳೆಯೂ ಬೇಕು. ಇದರಲ್ಲಿ ಉಳಿತಾಯ ನೋಡುವವನು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ತೂಕದ ಮಾತೂ ಬಂತು. ಗಾಳಿಯ ಟ್ಯಾಂಕು, ಕಂಪ್ರೆಸರು ಸೇರಿ ತೂಕ ಏರುವುದು ನಿಜ. ಕಳಚಿಟ್ಟ ಪ್ಲೇಟುಗಳ ತೂಕ ಇಳಿಯುವುದೂ ನಿಜ. ಖಾಲಿ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ. ಟ್ಯಾಂಕನ್ನು ಆಕ್ಸಲ್ಲಿನ ಹಿಂದೆ ಕೂರಿಸಿದರೆ ಆ ಭಾರ ಹಿಡಿತಕ್ಕೇ ಒದಗುತ್ತದೆ. ಆದರೂ ಒಪ್ಪುತ್ತೇನೆ, ಸಮಯದ ದಾಖಲೆ ಮುರಿಯುವುದೊಂದೇ ಗುರಿಯಾದರೆ ಒಳ್ಳೆಯ ಕಾಯಿಲ್ ಮತ್ತು ಡ್ಯಾಂಪರ್ ಸಾಕು. ತೋಟದೊಳಗಿನ ಕಲ್ಲು ದಾರಿಯಲ್ಲಿ ಎತ್ತರ ನಿಂತು, ಟ್ರ್ಯಾಕಿನಲ್ಲಿ ತಗ್ಗಿ ನಿಲ್ಲುವ ಒಂದೇ ಗಾಡಿ ಬೇಕೆಂದವರಿಗೆ ಬಲೂನ್.

"ಹಳೇ ಗಾಡಿಯನ್ನು ಕೊಯ್ಯುವುದು ಪಾಪ" ಎಂದ ಹಿರಿಯ ತೋಟಗಾರರ ನೋವು ನನಗೆ ಅರ್ಥವಾಗುತ್ತದೆ. ಅಜ್ಜನ ಕಾಲದಿಂದ ಮೂಲ ಎಂಜಿನ್ ಉಳಿಸಿಕೊಂಡು ಬಂದ ಜೀಪನ್ನು ಯಾರೂ ಮುಟ್ಟಬಾರದು. 2021ರ ಕೇಂದ್ರದ ನಿಯಮವೂ 50 ವರ್ಷ ದಾಟಿ, ಚಾಸಿಸ್, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗದ ಗಾಡಿಗೆ ಮಾತ್ರ ವಿಂಟೇಜ್ ಮಾನ್ಯತೆ ಕೊಡುತ್ತದೆ. ನಾನು ಕೇಳುತ್ತಿರುವುದು ಎಂಜಿನ್ ಗುಜರಿಗೆ ಹೋಗಿ, ಶೆಡ್ಡಿನ ಹಿಂದೆ ತುಕ್ಕು ಹಿಡಿಯುತ್ತಿರುವ ಗಾಡಿಯನ್ನು.

ಕಾನೂನಿನ ಆಕ್ಷೇಪ ಪೂರ್ತಿ ಸರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೀಗೆ ಮಾರ್ಪಡಿಸಿದ ಗಾಡಿಯನ್ನು ರಸ್ತೆಗೆ ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಖಚಿತಪಡಿಸಿದೆ. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಓಡಿಸಿದರೆ 189ನೇ ಸೆಕ್ಷನ್ ಇದೆ. ಹಾಗಾಗಿ ಈ ಗಾಡಿ ಗೇಟು ದಾಟುವುದು ಟ್ರೇಲರಿನ ಮೇಲೆ ಮಾತ್ರ, ಓಡುವುದು ಅನುಮತಿ ಇರುವ ಮುಚ್ಚಿದ ಟ್ರ್ಯಾಕಿನಲ್ಲಿ ಮಾತ್ರ. ಬಣಕಲ್, ಕೊಟ್ಟಿಗೆಹಾರದ ಮಂಜಿನಲ್ಲಿ, ಚಾರ್ಮಾಡಿಯ ತಿರುವುಗಳಲ್ಲಿ ಇದನ್ನು ಪರೀಕ್ಷಿಸುತ್ತೇನೆ ಎನ್ನುವ ಹುಡುಗರಿಗೆ ನನ್ನ ಬೆಂಬಲ ಇಲ್ಲವೇ ಇಲ್ಲ.

ಶೆಡ್ಡಿನಲ್ಲಿ ಅಂಥ ಗಾಡಿ ಇದ್ದು ಮನಸ್ಸು ಮಾಡಿದವರಲ್ಲಿ ಒಂದೇ ಕೋರಿಕೆ: ಮೊದಲು ಬ್ರೇಕ್ ಮಾಡಿಸಿ, ಆಮೇಲೆ ಲಿಂಕ್ ರಾಡು, ಅದಾದ ಮೇಲೆ ಬಲೂನ್. ಎಂಜಿನ್ ಎಲ್ಲಕ್ಕಿಂತ ಕೊನೆಗೆ ಇಳಿಸಿ.