“ಸ್ವಲ್ಪ ತಿಂದ್ರೆ ಏನಾಗಲ್ಲ” ಅನ್ನೋದನ್ನ ನಿಲ್ಲಿಸೋಣ

1/5

ಮೊದಲನೇ ಫೋಟೋ ನೋಡಿದ ತಕ್ಷಣ ನಮ್ಮೋರಿಗೆ ಬಾಯಲ್ಲಿ ನೀರು ಬಂದಿರುತ್ತೆ. ಬಂಗಾರಪೇಟೆ ಪಾನಿಪುರಿ. ಬೆಂಗಳೂರಲ್ಲೂ ಎಲ್ಲಿ ಹೋದ್ರೂ ನಮ್ಮೂರ ಹೆಸರಿನ ಬೋರ್ಡ್ ಕಾಣುತ್ತೆ. ನಾನು ಅದನ್ನ ತಿನ್ನಲ್ಲ. ಖಾರಕ್ಕೆ ಹೆದರಿ ಅಲ್ಲ. ಪೂರಿ ಮಾಡೋದು ರವೆ, ಮೈದಾದಿಂದ. ಎರಡೂ ಗೋಧಿನೇ. ನನಗೆ ಸೀಲಿಯಾಕ್ ಕಾಯಿಲೆ ಇದೆ.

ಕ್ಲಾಸಲ್ಲಿ ಒಬ್ಬೊಬ್ಬರು ಬಂದು ಕೇಳ್ತಿರ್ತೀರ, ಅದಕ್ಕೆ ಎಲ್ಲರಿಗೂ ಒಂದೇ ಸಲ ಹೇಳ್ತೀನಿ. ಇದು ಅಲರ್ಜಿ ಅಲ್ಲ, ಡಯಟಿಂಗ್ ಅಂತೂ ಅಲ್ಲವೇ ಅಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟನ್ ಅನ್ನೋ ಪ್ರೋಟೀನ್ ಇರುತ್ತೆ. ಅದು ಒಳಗೆ ಹೋದ್ರೆ ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ನಮ್ಮ ಸಣ್ಣ ಕರುಳಿನ ಮೇಲೇ ತಿರುಗಿ ಬೀಳುತ್ತೆ. ಕರುಳಿನ ಒಳಗೋಡೆಯಲ್ಲಿ ಊಟದ ಸಾರ ಹೀರಿಕೊಳ್ಳೋ ಪುಟ್ಟ ಪುಟ್ಟ ಬೆರಳಿನಂಥ ಎಳೆಗಳಿವೆ, ಅವು ಸವೆದು ಚಪ್ಪಟೆ ಆಗ್ತವೆ. ಆಮೇಲೆ ಎಷ್ಟು ತಿಂದ್ರೂ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಮೈಗೆ ಹತ್ತಲ್ಲ. ರಕ್ತ ಕಡಿಮೆ, ಸುಸ್ತು, ಮೂಳೆ ಟೊಳ್ಳು, ಮಕ್ಕಳಾದ್ರೆ ಎತ್ತರ ಬೆಳೆಯಲ್ಲ. ಭೇದಿ, ಹೊಟ್ಟೆಯುಬ್ಬರ ಎಲ್ಲರಿಗೂ ಇರಬೇಕು ಅಂತಿಲ್ಲ. ಹೊಟ್ಟೆ ಒಂದು ಮಾತೂ ಆಡದೆ ಒಳಗೆ ಹಾಳಾಗ್ತಾ ಇರಬಹುದು.

ಇದಕ್ಕೆ ಮಾತ್ರೆ ಇಲ್ಲ. ಗ್ಲುಟನ್ ಬಿಡೋದೇ ಚಿಕಿತ್ಸೆ, ಅದೂ ಜೀವನಪೂರ್ತಿ.

“ಸ್ವಲ್ಪ” ಅಂದ್ರೆ ಎಷ್ಟು ಅಂತ ಲೆಕ್ಕ ಹಾಕೋಣ. ನಮ್ಮ ದೇಶದ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಗ್ಲುಟನ್ ಫ್ರೀ ಅಂತ ಬರೀಬೇಕಾದ್ರೆ 1 ಕೆಜಿ ಆಹಾರದಲ್ಲಿ ಗ್ಲುಟನ್ 20 ಮಿಲಿಗ್ರಾಂ ದಾಟಬಾರದು. 1 ಕೆಜಿ ರಾಗಿ ಹಿಟ್ಟಿಗೆ ಒಂದು ಚಿಟಿಕೆ ಮೈದಾ ಬಿದ್ರೆ ಆ ಗೆರೆ ದಾಟಿತು ಅಂತಾನೇ. ಹಂಗಾಗಿ ನೀವು ಪ್ರೀತಿಯಿಂದ ಕೊಡೋ ಅರ್ಧ ಬಿಸ್ಕತ್ತು ನನ್ನ ಲೆಕ್ಕದಲ್ಲಿ “ಸ್ವಲ್ಪ” ಅಲ್ಲ.

2/5

ನಾನು ಅತಿ ಹೆಚ್ಚು ಕೇಳಿರೋ ಮಾತು: “ಅದು ನಾರ್ತ್ ಇಂಡಿಯನ್ಸ್‌ಗೆ ಬರೋದಲ್ವಾ?”

ಅರ್ಧ ನಿಜ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. ದೇಶದ ಮೂರು ಭಾಗದ 23,331 ವಯಸ್ಕರನ್ನ ಪರೀಕ್ಷೆ ಮಾಡಿದ್ರು. ಸೀಲಿಯಾಕ್‌ನ ಆಂಟಿಬಾಡಿ ರಕ್ತದಲ್ಲಿ ಇದ್ದೋರು ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10. ಇಷ್ಟು ನೋಡಿ “ನಮಗಿಲ್ಲ ಬಿಡು” ಅಂತ ಪೇಪರ್ ಮಡಚೋದು ಸುಲಭ. ಅದೇ ಅಧ್ಯಯನದ ಇನ್ನೊಂದು ಲೆಕ್ಕ ನೋಡಿ. ಈ ಕಾಯಿಲೆಗೆ ಬೇಕಾದ ಜೀನ್ ಮೂರೂ ಕಡೆ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿತ್ತು, ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಆಚೆ ಈಚೆ. ದೊಡ್ಡ ವ್ಯತ್ಯಾಸ ಇದ್ದಿದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂತಿದ್ರೆ ದಕ್ಷಿಣದವರು 25 ಗ್ರಾಂ.

ಜೀನ್ ಇದ್ದೋರಿಗೆಲ್ಲ ಕಾಯಿಲೆ ಬರಲ್ಲ, ನಿಜ. ಆದ್ರೆ ಆ 25 ಗ್ರಾಂ ಹಾಗೇ ಉಳಿದಿದ್ಯಾ? ನಮ್ಮ ಕಡೆನೇ ನೋಡಿ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಅರ್ಧ ಜೀವನ ಟ್ರೈನಲ್ಲೇ ನಡೀತಿದೆ. ಮಾರಿಕುಪ್ಪಂನಲ್ಲಿ ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಲ್ಲಿ ಇಳಿದು ಕೆಲಸಕ್ಕೆ ಓಡೋರು ಏನು ತಿಂತಾರೆ? ಬನ್ನು, ಬಿಸ್ಕತ್ತು, ಪರೋಟ, ಎಗ್ ಪಫ್. ಮನೇಲಿ ಶುಗರ್ ಇರೋರು ರಾತ್ರಿ ಅನ್ನ ಬಿಟ್ಟು ಚಪಾತಿ. ನಾವು ಸಂಜೆ ಆದ್ರೆ ಮ್ಯಾಗಿ, ಗೋಬಿ. ಗೋಧಿ ತಿನ್ನೋದು ಜಾಸ್ತಿ ಆದಂಗೆ ಇಲ್ಲೂ ಕೇಸ್ ಜಾಸ್ತಿ ಆಗಬಹುದು ಅಂತ ಅಂದುಕೊಳ್ಳೋದೇ ಬುದ್ಧಿವಂತಿಕೆ.

ಇನ್ನು ಆ 0.10 ಕೂಡ ಸಣ್ಣದಲ್ಲ. ಅಂದ್ರೆ ಸಾವಿರಕ್ಕೆ ಒಬ್ಬರು. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 15 ಲಕ್ಷದ ಮೇಲಿತ್ತು. ಇದು ಸರ್ವೆ ಅಲ್ಲ, ನನ್ನ ಕ್ಯಾಲ್ಕುಲೇಟರ್ ಲೆಕ್ಕ ಅಷ್ಟೇ: ಆಂಟಿಬಾಡಿ ಇರೋರು ಸುಮಾರು ಒಂದೂವರೆ ಸಾವಿರ ಜನ. ಅವರ ಪೈಕಿ ಕಾಯಿಲೆ ಇರೋರಲ್ಲಿ ಎಷ್ಟು ಜನರಿಗೆ ಅದರ ಹೆಸರು ಗೊತ್ತಿರುತ್ತೆ? ಉಳಿದೋರು “ಗ್ಯಾಸ್ಟ್ರಿಕ್” ಅಂತಾನೋ “ರಕ್ತ ಕಡಿಮೆ” ಅಂತಾನೋ ವರ್ಷಗಟ್ಟಲೆ ಮಾತ್ರೆ ನುಂಗ್ತಾ ಇರ್ತಾರೆ. ನನಗೂ ಕಬ್ಬಿಣದ ಮಾತ್ರೆಯಲ್ಲೇ ಮೂರು ವರ್ಷ ಹೋಯ್ತು.

3/5

ಎರಡನೇ ಫೋಟೋ ಮುದ್ದೆ, ಹಿತಕಿದ ಬೇಳೆ ಸಾರು. ಈ ಕಾಯಿಲೆ ಬಂದೋರಿಗೆ ಇದಕ್ಕಿಂತ ಒಳ್ಳೇ ಊರು ಸಿಗಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ರಾಗಿ, ಅಕ್ಕಿ, ಜೋಳ, ನವಣೆ, ಸಾಮೆ, ಯಾವುದರಲ್ಲೂ ಗ್ಲುಟನ್ ಇಲ್ಲ. ರೇಷನ್ ಅಂಗಡೀಲೂ ರಾಗಿ ಕಾಣೋ ಜಿಲ್ಲೆ ನಮ್ದು. ಬೆಂಗಳೂರಿನ ಮಾಲ್‌ನಲ್ಲಿ ಗ್ಲುಟನ್ ಫ್ರೀ ಅಂತ ಬರೆದಿರೋ ಬ್ರೆಡ್ ಮಾಮೂಲಿ ಬ್ರೆಡ್‌ಗಿಂತ ಎಷ್ಟೋ ಪಟ್ಟು ದುಬಾರಿ. ಅದು ಇಲ್ಲದೇನೂ ನಾನು ಹೊಟ್ಟೆ ತುಂಬಾ ತಿಂತೀನಿ.

ಹಾಗಾದ್ರೆ ಕಷ್ಟ ಎಲ್ಲಿ? ಮೂರು ಕಡೆ.

ಒಂದು, ಮಿಲ್ಲು. ಗೋಧಿ ಬೀಸಿದ ಕಲ್ಲಲ್ಲೇ ರಾಗಿ ಬೀಸ್ತಾರೆ. ಹಿಂದಿನೋರ ಗೋಧಿ ಹಿಟ್ಟು ನಮ್ಮ ರಾಗಿಗೆ ಸೇರುತ್ತೆ. ಚಿಟಿಕೆ ಲೆಕ್ಕ ನೆನಪಿದೆ ಅಲ್ವಾ?

ಎರಡು, ಇಂಗು. ಇದನ್ನ ಯಾರೂ ನಂಬಲ್ಲ. ಅಂಗಡೀಲಿ ಸಿಗೋ ಡಬ್ಬಿ ಇಂಗು ಪೂರ್ತಿ ಇಂಗಲ್ಲ, ಅದಕ್ಕೆ ಗೋಂದು, ಹಿಟ್ಟು ಬೆರೆಸಿರ್ತಾರೆ. ತುಂಬಾ ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿದೇ. ತಿರುಗಿಸಿ ಓದಿ. ಸಾಂಬಾರ್ ಪುಡಿ, ಉಪ್ಪಿನಕಾಯಿ, ಒಗ್ಗರಣೆ, ಎಲ್ಲದರಲ್ಲೂ ಇಂಗು. ಅನ್ನ ಸಾರು ತಿಂದ್ರೂ ಗೋಧಿ ಹೊಟ್ಟೆ ಸೇರೋದು ಹಿಂಗೆ.

ಮೂರು, ಹೆಸರು. “ಗೋಧಿ ತಾನೇ ಬೇಡ? ಹಾಗಾದ್ರೆ ಉಪ್ಪಿಟ್ಟು ತಿನ್ನಿ” ಅನ್ನೋರು ಎಷ್ಟು ಜನ! ಬನ್ಸಿ ರವೆ, ಚಿರೋಟಿ ರವೆ, ಮೈದಾ, ಮಾಮೂಲಿ ಶಾವಿಗೆ ಎಲ್ಲ ಗೋಧಿಯ ಮಕ್ಕಳೇ. ಚೌಚೌ ಬಾತ್‌ನ ಎರಡು ಕಡೆಯೂ ರವೆ. ಗೋಬಿ ಮಂಚೂರಿಯಲ್ಲಿ ಮೈದಾ, ಅದರ ಸೋಯಾ ಸಾಸಲ್ಲೂ ಸಾಮಾನ್ಯವಾಗಿ ಗೋಧಿ. ಪ್ಯಾಕೆಟ್ ಮೇಲೆ “ರಾಗಿ ಬಿಸ್ಕತ್ತು”, “ಸಿರಿಧಾನ್ಯ ಕುಕೀಸ್” ಅಂತ ದೊಡ್ಡದಾಗಿ ಇರುತ್ತೆ, ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಇರುತ್ತೆ. ಪ್ಯಾಕೆಟ್ ಆಹಾರದಲ್ಲಿ ಗೋಧಿ, ಬಾರ್ಲಿ ಇದ್ರೆ ಲೇಬಲ್‌ನಲ್ಲಿ ಹೇಳಲೇಬೇಕು ಅನ್ನೋ ನಿಯಮ ಇದೆ. ಓದೋ ಅಭ್ಯಾಸ ನಮಗಿಲ್ಲ.

ಕಾಸ್ಟಿಂಗ್ ಓದ್ತಿರೋದ್ರಿಂದ ಒಂದು ಮಾತು. ರಾಗಿ ಬೆಲೆ ಕಡಿಮೆ. ಆದ್ರೆ ಅಮ್ಮ ಇಡೀ ರಾಗಿ ತಂದು, ಕ್ಲೀನ್ ಮಾಡಿ, ತೊಳೆದು, ಒಣಗಿಸಿ, ಮನೇಲೇ ಮಿಕ್ಸಿಗೆ ಹಾಕಿ ಜರಡಿ ಹಿಡೀತಾರಲ್ಲ, ಆ ಗಂಟೆಗಳಿಗೆ ಯಾವ ಲೆಡ್ಜರ್‌ನಲ್ಲೂ ಎಂಟ್ರಿ ಇಲ್ಲ. ಸೀಲಿಯಾಕ್‌ನ ನಿಜವಾದ ಖರ್ಚು ಅದು.

4/5

ಈಗ ರೀಲ್ಸ್ ನೋಡಿ “ನಾನೂ ಗ್ಲುಟನ್ ಬಿಟ್ಟೆ, ಸ್ಕಿನ್ ಗ್ಲೋ ಆಗುತ್ತೆ” ಅನ್ನೋ ಫ್ರೆಂಡ್ಸ್‌ಗೆ.

ಕೋಪ ಇಲ್ಲ. ಆದ್ರೆ ಎರಡು ವಿಷಯ. ಮೊದಲನೇದು, ನಿಮಗೆ ನಿಜವಾಗ್ಲೂ ಡೌಟ್ ಇದ್ರೆ ಟೆಸ್ಟ್‌ಗೆ ಮುಂಚೆ ಗೋಧಿ ಬಿಡಬೇಡಿ. ಟಿಟಿಜಿ-ಐಜಿಎ ಅನ್ನೋ ರಕ್ತಪರೀಕ್ಷೆ ಮಾಡಿಸ್ತಾರೆ, ಅದು ಪಾಸಿಟಿವ್ ಬಂದ್ರೆ ಸಾಮಾನ್ಯವಾಗಿ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡ್ತಾರೆ. ಗೋಧಿ ಬಿಟ್ಟು ತಿಂಗಳುಗಳಾಗಿದ್ರೆ ರಿಪೋರ್ಟ್ ನಾರ್ಮಲ್ ಬಂದುಬಿಡಬಹುದು, ಕಾಯಿಲೆ ಇದ್ರೂ ಸಿಕ್ಕಲ್ಲ. ಅಪ್ಪ, ಅಮ್ಮ, ಅಣ್ಣ, ತಂಗಿ ಯಾರಿಗಾದ್ರೂ ಇದ್ರೆ ನಿಮಗೂ ಇರೋ ಸಾಧ್ಯತೆ ಜಾಸ್ತಿ, ಡಾಕ್ಟರ್ ಹತ್ರ ಕೇಳಿ.

ಎರಡನೇದು, ನೀವು ಸೋಮವಾರ “ಗ್ಲುಟನ್ ಫ್ರೀ” ಅಂದು ಶುಕ್ರವಾರ ಪಿಜ್ಜಾ ತಿಂದ್ರೆ, ಹೋಟೆಲ್‌ನೋರು ಮುಂದಿನ ಸಲ ನಾನು ಹೇಳಿದಾಗ್ಲೂ “ಇದೂ ಶೋಕಿ” ಅಂದುಕೊಳ್ತಾರೆ. ನಿಮಗೆ ಅದು ಮೂಡು, ನಮಗೆ ಕರುಳು.

ಗೋಧಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸೀಲಿಯಾಕ್ ಇಲ್ಲದೋರು ಆರಾಮಾಗಿ ತಿನ್ನಿ. ಗೋಧಿಗೂ ಈ ಕಾಯಿಲೆಗೂ ಸಂಬಂಧ ಇದೆ ಅಂತ ಪ್ರಪಂಚ ಒಪ್ಪಿದ್ದೇ ಎರಡನೇ ಮಹಾಯುದ್ಧ ಆದ್ಮೇಲೆ. ನೆದರ್‌ಲ್ಯಾಂಡ್ಸ್‌ನಲ್ಲಿ 1944-45ರ ಚಳಿಗಾಲ ಬರಗಾಲ ಬಿತ್ತು, ಬ್ರೆಡ್ ಸಿಗ್ತಿರಲಿಲ್ಲ. ವಿಲ್ಲೆಮ್ ಡಿಕ್ ಅನ್ನೋ ಮಕ್ಕಳ ಡಾಕ್ಟರಿಗೆ ಗೋಧಿ ಮೇಲೆ ಮುಂಚೆಯಿಂದಲೇ ಅನುಮಾನ ಇತ್ತು. ಆ ಹಸಿವಿನ ಕಾಲದಲ್ಲಿ ಅವರ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡ್ರು, ಬ್ರೆಡ್ ಮತ್ತೆ ಬಂದಾಗ ಮತ್ತೆ ಮಲಗಿದ್ರು. ಅವರು ಅದನ್ನ ಅಳೆದು, ಬರೆದು, 1950ರಲ್ಲಿ ಪ್ರಬಂಧ ಕೊಟ್ರು. ಒಬ್ಬರು ಗಮನ ಇಟ್ಟು ನೋಡಿದ್ದಕ್ಕೆ ಇವತ್ತು ನನ್ನಂಥೋರು ಕಾಲೇಜಿಗೆ ಬರ್ತಿದೀವಿ.

5/5

ಈಗ ನನ್ನ ಅಭಿಪ್ರಾಯ ನೇರವಾಗಿ. ಇದನ್ನ ಒಬ್ಬರ ತಲೆನೋವು ಅಂತ ಬಿಡಬಾರದು, ಯಾಕಂದ್ರೆ ನಾನೊಬ್ಬ ಎಷ್ಟು ಹುಷಾರಾಗಿದ್ರೂ ಅಡುಗೆ ಮಾಡಿದೋರು ನಿಜ ಹೇಳದಿದ್ರೆ ಎಲ್ಲ ವೇಸ್ಟ್.

“ನಿನ್ನೊಬ್ಬನಿಗೋಸ್ಕರ ಕ್ಯಾಂಟೀನ್ ಬದಲಾಯಿಸಕ್ಕಾಗುತ್ತಾ ಮಚ್ಚಾ?” ಅಂತ ಒಬ್ಬ ಫ್ರೆಂಡ್ ಕೇಳಿದ. ನ್ಯಾಯವಾದ ಪ್ರಶ್ನೆ. ಸಣ್ಣ ಕ್ಯಾಂಟೀನ್‌ಗೆ ಬೇರೆ ಅಡುಗೆಮನೆ ಕಟ್ಟಕ್ಕಾಗಲ್ಲ, ನಾನು ಕೇಳ್ತಿರೋದೂ ಅದಲ್ಲ. ಯಾವ ತಿಂಡಿಗೆ ರವೆ, ಮೈದಾ, ಇಂಗು ಹಾಕಿದ್ದೀರ ಅಂತ ರೇಟ್ ಬೋರ್ಡ್ ಪಕ್ಕ ಚಾಕ್‌ನಲ್ಲಿ ಬರೀರಿ ಸಾಕು. ಗೊತ್ತಿಲ್ಲದಿದ್ರೆ “ಗೊತ್ತಿಲ್ಲ” ಅನ್ನಿ. “ಏನೂ ಇಲ್ಲ, ತಿನ್ನಿ” ಅನ್ನೋದಕ್ಕಿಂತ “ಗೊತ್ತಿಲ್ಲ” ನನಗೆ ಸಾವಿರ ಪಾಲು ಮೇಲು.

ಮಿಲ್ಲಿನೋರು ವಾರಕ್ಕೊಂದು ದಿನ ಮಿಷನ್ ಚೆನ್ನಾಗಿ ಒರೆಸಿ, ಬೆಳಿಗ್ಗೆ ಮೊದಲು ಬರೀ ರಾಗಿ, ಅಕ್ಕಿ ಬೀಸಿದ್ರೆ ಗೋಧಿ ಸೇರೋದು ಎಷ್ಟೋ ಕಡಿಮೆ ಆಗುತ್ತೆ. ಪೂರ್ತಿ ಹೋಗಲ್ಲ, ಆದ್ರೂ ಅದೊಂದು ಶುರು.

ಮನೆಗೆ ಕರೆಯೋ ಆಂಟಿಯರಿಗೆ: ಒಬ್ಬಟ್ಟು ಬೇಡ ಅಂದ್ರೆ ಅದು ನಿಮ್ಮ ಕೈರುಚಿಗೆ ಅವಮಾನ ಅಲ್ಲ. ಬಲವಂತ ಮಾಡಬೇಡಿ. ಒಂದು ಬಾಳೆಹಣ್ಣು ಕೊಡಿ, ಅದರಲ್ಲೇ ಮರ್ಯಾದೆ ಇದೆ. ಪ್ರಸಾದದ ಸಜ್ಜಿಗೆ ಕಣ್ಣಿಗೊತ್ತಿ ಪಕ್ಕದೋರಿಗೆ ಕೊಟ್ರೆ ದೇವರು ಮುನಿಸಿಕೊಳ್ಳಲ್ಲ. ಕೆಜಿಎಫ್‌ನ ಕ್ಯಾಥೊಲಿಕ್ ಫ್ರೆಂಡ್ಸ್‌ಗೆ ಗೊತ್ತಿರಲಿ: 2017ರಲ್ಲಿ ವ್ಯಾಟಿಕನ್ ಮತ್ತೆ ಸ್ಪಷ್ಟ ಮಾಡಿದ ಪ್ರಕಾರ ಪರಮಪ್ರಸಾದದ ರೊಟ್ಟಿ ಪೂರ್ತಿ ಗ್ಲುಟನ್ ಇಲ್ಲದ್ದಾಗಿರಬಾರದು, ಆದ್ರೆ ತುಂಬಾ ಕಡಿಮೆ ಗ್ಲುಟನ್ ಇರೋದು ನಡೆಯುತ್ತೆ. ಫಾದರ್ ಹತ್ರ ಮಾತಾಡಿ. ಎರಡು ಸಾವಿರ ವರ್ಷದ ಪದ್ಧತಿಯಲ್ಲೇ ಇಷ್ಟು ಜಾಗ ಇದೆ ಅಂದ್ರೆ ನಮ್ಮ ಕಾಲೇಜು ಫೆಸ್ಟ್‌ನ ಫುಡ್ ಸ್ಟಾಲಲ್ಲಿ ಇರಬಾರದಾ?

ನಿಮ್ಮ ಗ್ಯಾಂಗಲ್ಲಿ ಕಬ್ಬಿಣದ ಮಾತ್ರೆ ತಿಂದೂ ತಿಂದೂ ರಕ್ತ ಏರದೇ ಇರೋರು ಯಾರಾದ್ರೂ ಇದ್ರೆ ಇದನ್ನ ಅವರಿಗೆ ಕಳಿಸಿ. ಸೀಲಿಯಾಕೇ ಇರುತ್ತೆ ಅಂತ ಅಲ್ಲ, ಒಂದು ಸಲ ಕೇಳೋದ್ರಲ್ಲಿ ತಪ್ಪಿಲ್ಲ. ಕಾಮೆಂಟಲ್ಲಿ ನಿಮ್ಮ ಮನೆ ಇಂಗಿನ ಡಬ್ಬಿ ಹಿಂದೆ ಏನು ಬರೆದಿದೆ ಅಂತ ಹಾಕಿ. ಎಲ್ಲ ಸೇರಿಸಿ ಒಂದು ಲಿಸ್ಟ್ ಮಾಡೋಣ.

#ಸೀಲಿಯಾಕ್ #ರಾಗಿನಾಡು #ಕೆಜಿಎಫ್ #ಬಂಗಾರಪೇಟೆ #ಲೇಬಲ್‌ಓದಿ